ಎಲ್ಲರಿಗೂ ಒಂದೇ ದರ: ಟೈಟಾನಿಕ್‌ನಲ್ಲಿ ಮುಳುಗಿದ ವ್ಯಾಪಾರಿಯ ಬದುಕು

ಜೇಮ್ಸ್ ಕ್ಯಾಮರೂನ್ ಅವರ ‘ಟೈಟಾನಿಕ್’ ಸಿನಿಮಾ ನೋಡಿದವರು ಆ ಮುದುಕ ಮುದುಕಿಯನ್ನು ಮರೆತಿರಲಾರರು. ಕೋಣೆಯೊಳಗೆ ನೀರು ನುಗ್ಗುತ್ತಿದೆ, ಇಬ್ಬರೂ ಮಂಚದ ಮೇಲೆ ತಬ್ಬಿಕೊಂಡು ಮಲಗಿದ್ದಾರೆ. ತೆರೆಯ ಮೇಲೆ ಅವರು ಕಾಣುವುದು ಕೆಲವೇ ಕ್ಷಣ. ಸಿನಿಮಾದ ಪ್ರೇಮಿಗಳಾದ ಜ್ಯಾಕ್ ಮತ್ತು ರೋಸ್ ಬರೀ ಕಲ್ಪನೆ. ಆ ಹಿರಿಯ ಜೋಡಿ ಮಾತ್ರ ನಿಜವಾಗಿ ಆ ಹಡಗಿನಲ್ಲಿದ್ದವರು.

ಅವರು ನ್ಯೂಯಾರ್ಕಿನ ಇಸಿಡಾರ್ ಸ್ಟ್ರೌಸ್ ಮತ್ತು ಅವರ ಪತ್ನಿ ಐಡಾ. ಆಗ ಗಂಡನಿಗೆ 67, ಹೆಂಡತಿಗೆ 63. ಮಂಚದ ದೃಶ್ಯ ಸಿನಿಮಾದವರು ಕಟ್ಟಿದ್ದು. ಬದುಕಿ ಬಂದವರು ಅವರನ್ನು ಕೊನೆಯ ಸಲ ಕಂಡದ್ದು ಮೇಲಿನ ಡೆಕ್ಕಿನಲ್ಲಿ. ಹಡಗು ಹಿಮಗಡ್ಡೆಗೆ ತಾಗಿದಾಗಿನಿಂದ ಮುಳುಗುವವರೆಗಿನ ಎರಡೂ ಮುಕ್ಕಾಲು ಗಂಟೆಗೂ ಕಡಿಮೆ ಹೊತ್ತು, ಇಸಿಡಾರ್ ಅದಕ್ಕೂ ಮೊದಲು ಬಾಳಿದ 67 ವರ್ಷಗಳನ್ನು ನುಂಗಿಬಿಟ್ಟಿದೆ. ಆ ವರ್ಷಗಳಲ್ಲಿ ಅವರು ತಲೆಹೊರೆ ವ್ಯಾಪಾರಿಯ ಮಗನಾಗಿದ್ದರು, ಯುದ್ಧದಲ್ಲಿ ಸೋತ ಕಡೆಯ ಪರವಾಗಿ ಓಡಾಡಿದ ಯುವಕನಾಗಿದ್ದರು, ನೆಲಮಾಳಿಗೆಯಲ್ಲಿ ಪಿಂಗಾಣಿ ತಟ್ಟೆ ಮಾರಿದ್ದರು, ಕೊನೆಗೆ ಅಮೆರಿಕದ ದೊಡ್ಡ ಅಂಗಡಿಗಳಲ್ಲೊಂದಾದ ಮೇಸೀಸ್‌ನ ಯಜಮಾನರಾದರು. ಡೆಕ್ಕಿನ ಮೇಲೆ ಅವರು ನಡೆದುಕೊಂಡ ರೀತಿ ಅರ್ಥವಾಗಬೇಕಾದರೆ ಗಲ್ಲಾದ ಹಿಂದೆ ಅವರು ನಡೆದುಕೊಂಡ ರೀತಿಯನ್ನೂ ನೋಡಬೇಕು.

ಗಾಡಿಯ ಮೇಲಿನ ಅಂಗಡಿ

ಇಸಿಡಾರ್ ಹುಟ್ಟಿದ್ದು 1845ರ ಫೆಬ್ರುವರಿ 6ರಂದು, ಜರ್ಮನಿಯ ಪಲಟಿನೇಟ್ ಸೀಮೆಯ ಒಟ್ಟರ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ಆಗ ಅದು ಬವೇರಿಯಾ ರಾಜ್ಯಕ್ಕೆ ಸೇರಿತ್ತು. ತಂದೆ ಲಾಜರಸ್ ಓದಿಕೊಂಡಿದ್ದ ಯಹೂದಿ. 1848ರಲ್ಲಿ ಜರ್ಮನ್ ನಾಡುಗಳಲ್ಲಿ ಎದ್ದ ಕ್ರಾಂತಿಯ ಕಡೆಗೆ ಒಲವು ತೋರಿದವರು. ಕ್ರಾಂತಿ ಸೋತಿತು, ಅದರ ಪರ ನಿಂತವರಿಗೆ ಊರಿನಲ್ಲಿ ಉಸಿರುಗಟ್ಟಿತು. 1852ರಲ್ಲಿ ಲಾಜರಸ್ ಒಬ್ಬರೇ ಅಮೆರಿಕಕ್ಕೆ ಹಡಗು ಹತ್ತಿದರು. ಎರಡು ವರ್ಷಗಳ ಬಳಿಕ ಹೆಂಡತಿ ಸಾರಾ ಮತ್ತು ಮಕ್ಕಳು ಅವರನ್ನು ಸೇರಿಕೊಂಡರು.

ಆ ಕಾಲದಲ್ಲಿ ಕೈಯಲ್ಲಿ ಬಂಡವಾಳವಿಲ್ಲದೆ ಬಂದಿಳಿದ ಜರ್ಮನ್ ಯಹೂದಿಗಳಿಗೆ ಒಂದು ದಾರಿ ಸಿದ್ಧವಾಗಿತ್ತು. ಸೂಜಿ, ದಾರ, ಬಟ್ಟೆ, ಚಾಕು, ಕನ್ನಡಕದಂಥ ಸಾಮಾನನ್ನು ಹೊತ್ತು ಹಳ್ಳಿಹಳ್ಳಿ ತಿರುಗುವುದು. ಸ್ವಲ್ಪ ಹಣ ಕೂಡಿದರೆ ಕುದುರೆಗಾಡಿ ಕೊಳ್ಳುವುದು. ಇನ್ನೂ ಕೂಡಿದರೆ ಯಾವುದಾದರೂ ಊರಿನಲ್ಲಿ ಬಾಗಿಲು ತೆರೆಯುವುದು. ಲಾಜರಸ್ ಜಾರ್ಜಿಯಾ ರಾಜ್ಯದಲ್ಲಿ ಹಾಗೇ ಗಾಡಿ ಹೊಡೆದರು. ಟಾಲ್ಬಟನ್ ಎಂಬ ಊರು ಹಿಡಿಸಿತು, ಅಲ್ಲೇ ಅಂಗಡಿ ಹಾಕಿದರು. ಇಡೀ ಊರಿಗೆ ಇವರದೊಂದೇ ಯಹೂದಿ ಕುಟುಂಬ. ಊರಿಂದೂರಿಗೆ ಹೋಗುವ ಕ್ರೈಸ್ತ ಪಾದ್ರಿಗಳು ಇವರ ಮನೆಯಲ್ಲಿ ಊಟಕ್ಕೆ ನಿಲ್ಲುತ್ತಿದ್ದರು. ಲಾಜರಸ್‌ಗೆ ಹೀಬ್ರೂ ಚೆನ್ನಾಗಿ ಬರುತ್ತಿತ್ತು. ಹಳೆಯ ಒಡಂಬಡಿಕೆಯ ಮೂಲವನ್ನು ತೆರೆದು ಅವರೊಡನೆ ಅರ್ಥದ ಬಗ್ಗೆ ಚರ್ಚೆಗೆ ಕೂರುತ್ತಿದ್ದರು. ಇಸಿಡಾರ್‌ನ ತಮ್ಮ ಆಸ್ಕರ್ ಮುಂದೆ ತಮ್ಮ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ.

ಆಸ್ಕರ್ ಇನ್ನೊಂದು ಸಂಗತಿಯನ್ನೂ ಮುಚ್ಚಿಟ್ಟಿಲ್ಲ. ದಕ್ಷಿಣದ ಇತರ ಅನುಕೂಲಸ್ಥ ಮನೆಗಳಂತೆ ಸ್ಟ್ರೌಸ್ ಮನೆಯಲ್ಲೂ ಕೆಲಸಕ್ಕೆ ಗುಲಾಮರಿದ್ದರು. ಜರ್ಮನಿಯಲ್ಲಿ ಸ್ವಾತಂತ್ರ್ಯದ ಮಾತಿಗೆ ತಲೆದೂಗಿ ದೇಶ ಬಿಟ್ಟ ಮನುಷ್ಯ ಜಾರ್ಜಿಯಾದಲ್ಲಿ ಕಪ್ಪು ಜನರನ್ನು ದುಡ್ಡು ಕೊಟ್ಟು ಕೊಂಡಿದ್ದರು. ಇಸಿಡಾರ್‌ನ ಬದುಕಿನ ಕತೆಯಿಂದ ಈ ಪುಟವನ್ನು ಹರಿದು ಹಾಕುವಂತಿಲ್ಲ.

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಾಗ ಇಸಿಡಾರ್‌ಗೆ ಹದಿನಾರು. ಊರ ಹುಡುಗರು ಕಟ್ಟಿಕೊಂಡ ಪಡೆಯಲ್ಲಿ ಲೆಫ್ಟಿನೆಂಟ್ ಆದ. ದೊಡ್ಡವರಿಗೇ ಬಂದೂಕು ಸಾಲದ ಹೊತ್ತು, ಈ ಪೋರರಿಗೆ ಕೊಡುವವರು ಯಾರು? ಹುಡುಗ ಅಂಗಡಿಗೇ ಮರಳಿದ. ಯುದ್ಧ ಬೆಳೆದಂತೆ ಸಾಮಾನಿನ ಬೆಲೆ ಏರಿತು. ಸಿಟ್ಟು ತಿರುಗಿದ್ದು ಯಹೂದಿ ವ್ಯಾಪಾರಿಗಳ ಮೇಲೆ. ಕೌಂಟಿಯ ನ್ಯಾಯಮಂಡಳಿ ಅವರನ್ನು ದೇಶದ್ರೋಹಿ ಲಾಭಕೋರರೆಂದು ಹೆಸರಿಸಿ ನಿರ್ಣಯ ಹೊರಡಿಸಿತು. ಅಲ್ಲಿದ್ದ ಯಹೂದಿ ವ್ಯಾಪಾರಿ ಲಾಜರಸ್ ಒಬ್ಬರೇ. ಅವರು ಊರು ಬಿಡುವುದಾಗಿ ಸಾರಿದರು. ಅದೇ ಮಂಡಳಿಯವರು ಮನೆಗೆ ಬಂದು ನಿಮ್ಮನ್ನು ಕುರಿತು ಹೇಳಿದ್ದಲ್ಲ ಎಂದು ಬೇಡಿಕೊಂಡರೂ ಕೇಳದೆ ಸಂಸಾರವನ್ನು ಕೊಲಂಬಸ್ ನಗರಕ್ಕೆ ಸಾಗಿಸಿದರು.

ಇಸಿಡಾರ್ ಇನ್ನೂ ದೂರ ಹೋದರು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನೆಲ್ಲ ಮುತ್ತಿತ್ತು. ಆ ಮುತ್ತಿಗೆಯನ್ನು ತಪ್ಪಿಸಿಕೊಂಡು ಹತ್ತಿಯನ್ನು ಹೊರಗೆ ಸಾಗಿಸಿ, ಬೇಕಾದ ಸರಕನ್ನು ಒಳತರುವ ಏರ್ಪಾಡಿಗಾಗಿ 1863ರಲ್ಲಿ ಯುರೋಪಿಗೆ ಹೊರಟ ತಂಡಕ್ಕೆ ಅವರು ಕಾರ್ಯದರ್ಶಿ. ವಯಸ್ಸು ಹದಿನೆಂಟು. ತಂಡದ ಕೆಲಸ ಕೈಗೂಡಲಿಲ್ಲ. ಇವರು ಮಾತ್ರ ಅಲ್ಲೇ ಉಳಿದು ದಕ್ಷಿಣದ ಸರ್ಕಾರದ ಬಾಂಡುಗಳ ವ್ಯವಹಾರ ಮಾಡುತ್ತ ಒಂದಿಷ್ಟು ಹಣ ಗಂಟು ಹಾಕಿದರು. 1865ರಲ್ಲಿ ಮರಳುವ ಹೊತ್ತಿಗೆ ಯುದ್ಧ ಮುಗಿದಿತ್ತು, ಗುಲಾಮಗಿರಿ ಕೊನೆಯಾಗುತ್ತಿತ್ತು, ಕೊಲಂಬಸ್ ಸುಟ್ಟುಹೋಗಿತ್ತು. ಲಾಜರಸ್ ಕೂಡಿಟ್ಟಿದ್ದ ಹತ್ತಿಯೂ ಬೂದಿಯಾಗಿತ್ತು.

ಪಿಂಗಾಣಿಯಿಂದ ಪಾಲುದಾರಿಕೆಗೆ

ಬರಿಗೈಯಾದ ಕುಟುಂಬ ನ್ಯೂಯಾರ್ಕಿಗೆ ಬಂತು. ಯುದ್ಧಕ್ಕೆ ಮೊದಲು ಅಲ್ಲಿನ ಸಗಟು ವ್ಯಾಪಾರಿಗಳಿಂದ ಲಾಜರಸ್ ಉದ್ರಿಯಲ್ಲಿ ಸರಕು ತರಿಸಿದ್ದರು. ದಕ್ಷಿಣದ ಎಷ್ಟೋ ವ್ಯಾಪಾರಿಗಳು ಯುದ್ಧದ ನೆಪ ಹೇಳಿ ಅಂಥ ಬಾಕಿಗೆ ಕೈಯೆತ್ತಿದ್ದರು. ಸಾಲ ಕೊಟ್ಟವರೂ ಅರ್ಧಕ್ಕೋ ಕಾಲಕ್ಕೋ ಒಪ್ಪಲು ತಯಾರಿದ್ದರು. ಲಾಜರಸ್ ಪೂರ್ತಿ ತೀರಿಸುತ್ತೇನೆಂದು ಪಟ್ಟು ಹಿಡಿದರು, ತೀರಿಸಿದರು. ಒಳ್ಳೆಯತನದ ಜೊತೆಗೆ ಇದರಲ್ಲಿ ವ್ಯಾಪಾರದ ಜಾಣತನವೂ ಇತ್ತು. ಹೊಸ ಊರಿನಲ್ಲಿ ಅಂಗಡಿ ಹಾಕುವವನಿಗೆ ಬಂಡವಾಳಕ್ಕಿಂತ ಮೊದಲು ಬೇಕಾದದ್ದು ಮಾತಿನ ಬೆಲೆ. ಅದು ಸ್ಟ್ರೌಸ್ ಕುಟುಂಬಕ್ಕೆ ಸಿಕ್ಕಿತು.

1866ರಲ್ಲಿ ‘ಎಲ್. ಸ್ಟ್ರೌಸ್ ಅಂಡ್ ಸನ್ಸ್’ ಶುರುವಾಯಿತು. ಯುರೋಪಿನಿಂದ ಪಿಂಗಾಣಿ ಮತ್ತು ಗಾಜಿನ ಸಾಮಾನು ತರಿಸಿ ಸಗಟಿನಲ್ಲಿ ಮಾರುವ ವ್ಯಾಪಾರ. ಲೆಕ್ಕಪತ್ರ, ಖರೀದಿ, ಬ್ಯಾಂಕಿನ ವ್ಯವಹಾರ ಇಸಿಡಾರ್‌ದು. ಗಿರಾಕಿ ಹುಡುಕುವ ಓಡಾಟ ತಮ್ಮ ನೇಥನ್‌ನದು. ಅಣ್ಣ ತಣ್ಣಗಿನ ಮನುಷ್ಯ, ಅಳೆದು ಸುರಿಯುವವನು; ತಮ್ಮ ಬಿರುಸು, ಮನಸ್ಸಿಗೆ ಬಂದದ್ದನ್ನು ಆ ಕ್ಷಣವೇ ಮಾಡುವವನು.

ನೇಥನ್‌ನ ಓಡಾಟವೇ ಅವರನ್ನು ಮೇಸಿ ಅಂಗಡಿಯ ಬಾಗಿಲಿಗೆ ತಂದಿತು. ರೋಲಂಡ್ ಮೇಸಿ ಹುಡುಗನಾಗಿದ್ದಾಗ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವರು. 1858ರಲ್ಲಿ ನ್ಯೂಯಾರ್ಕಿನ ಆರನೇ ಅವೆನ್ಯೂದಲ್ಲಿ ಅಂಗಡಿ ತೆರೆದ ಮೊದಲ ದಿನ ಅವರ ಮಾರಾಟ 11 ಡಾಲರ್ 6 ಸೆಂಟ್. ಹದಿನಾರು ವರ್ಷಗಳಲ್ಲಿ ಅದು ಹಲವು ವಿಭಾಗಗಳ ದೊಡ್ಡ ಅಂಗಡಿಯಾಗಿ ಬೆಳೆದಿತ್ತು. 1874ರಲ್ಲಿ ಅದರ ನೆಲಮಾಳಿಗೆಯಲ್ಲಿ ಪಿಂಗಾಣಿ ವಿಭಾಗ ನಡೆಸಲು ಸ್ಟ್ರೌಸ್ ಕುಟುಂಬ ಜಾಗ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಇಡೀ ಅಂಗಡಿಗೆ ಹೆಚ್ಚು ಲಾಭ ತರುವ ವಿಭಾಗಗಳ ಸಾಲಿಗೆ ಆ ನೆಲಮಾಳಿಗೆ ಸೇರಿತು. ಮೇಸಿ 1877ರಲ್ಲಿ ತೀರಿಕೊಂಡರು. 1888ರಲ್ಲಿ ಇಸಿಡಾರ್ ಮತ್ತು ನೇಥನ್ ಅಂಗಡಿಗೆ ಪಾಲುದಾರರಾದರು, 1896ರಲ್ಲಿ ಪೂರ್ತಿ ಒಡೆಯರಾದರು. ನಡುವೆ 1893ರಲ್ಲಿ ಬ್ರೂಕ್ಲಿನ್‌ನ ಇನ್ನೊಂದು ದೊಡ್ಡ ಅಂಗಡಿಯ ಪಾಲನ್ನೂ ಕೊಂಡರು. ಅದು ‘ಅಬ್ರಹಾಂ ಅಂಡ್ ಸ್ಟ್ರೌಸ್’ ಆಯಿತು.

ಹೆಸರು ಬದಲಿಸಬಹುದಿತ್ತು, ಬದಲಿಸಲಿಲ್ಲ. ಬಾಗಿಲ ಮೇಲೆ ಸತ್ತ ಯಜಮಾನನ ಹೆಸರೇ ಉಳಿಯಿತು.

89 ಸೆಂಟಿನ ಕಾದಂಬರಿ

ಮೇಸಿ ಹಾಕಿಕೊಟ್ಟ ಎರಡು ಕಟ್ಟಳೆಗಳನ್ನೂ ಸ್ಟ್ರೌಸ್ ಸೋದರರು ಬಿಡಲಿಲ್ಲ. ಒಂದು, ಚೀಟಿಯ ಮೇಲೆ ಬರೆದ ಬೆಲೆಯೇ ಬೆಲೆ, ಚೌಕಾಸಿ ಇಲ್ಲ. ಎರಡು, ನಗದು ಕೊಟ್ಟರೆ ಮಾತ್ರ ಸಾಮಾನು. ನಮ್ಮ ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ತೂಗುತ್ತದಲ್ಲ, ಅದರ ಕೆಳಗೇ ಉದ್ರಿ ಪುಸ್ತಕವೂ ಇರುತ್ತದೆ. ಮೇಸೀಸ್‌ನಲ್ಲಿ ಆ ಪುಸ್ತಕವೇ ಇರಲಿಲ್ಲ. ಬಂದವರು ಕೋಟ್ಯಧಿಪತಿಯಾಗಲಿ ಬಟ್ಟೆ ಒಗೆಯುವ ಹೆಂಗಸಾಗಲಿ, ದರ ಒಂದೇ, ಹಣ ಮೊದಲು.

ಇದರ ಹಿಂದಿನ ಲೆಕ್ಕ ಸರಳ. ಉದ್ರಿ ಕೊಡುವ ಅಂಗಡಿ ತನ್ನ ಹಣಕ್ಕೆ ಬಡ್ಡಿ ಕಟ್ಟಬೇಕು, ವಸೂಲಿಗೆ ಜನರನ್ನಿಡಬೇಕು, ಮುಳುಗಿದ ಬಾಕಿಯನ್ನು ತುಂಬಿಕೊಳ್ಳಬೇಕು. ಆ ಹೊರೆಯೆಲ್ಲ ಸಾಮಾನಿನ ಬೆಲೆಗೆ ಸೇರುತ್ತದೆ. ಹಾಗಾಗಿ ಸರಿಯಾಗಿ ಹಣ ಕೊಡುವ ಬಡವ, ಕೊಡದ ಸಿರಿವಂತನ ಬಾಕಿಗೂ ದಂಡ ತೆರುತ್ತಾನೆ. ಉದ್ರಿ ತೆಗೆದುಹಾಕಿದರೆ ಎಲ್ಲರಿಗೂ ಕಡಿಮೆ ಬೆಲೆಗೆ ಮಾರಬಹುದು. ಪ್ರತಿ ಸಲವೂ ಕೈಯಲ್ಲಿ ಹಣ ಹಿಡಿದು ಬರಲು ಇಷ್ಟವಿಲ್ಲದ ಗಿರಾಕಿಗಳು ಮೊದಲೇ ಠೇವಣಿ ಇಟ್ಟು ಅದರಿಂದ ಖರೀದಿಸುವ ಏರ್ಪಾಡನ್ನೂ ಮಾಡಲಾಯಿತು. ಗಿರಾಕಿಗೆ ಅಂಗಡಿ ಸಾಲ ಕೊಡುತ್ತಿರಲಿಲ್ಲ, ಗಿರಾಕಿಯೇ ಅಂಗಡಿಗೆ ಮುಂಗಡ ಕೊಡುತ್ತಿದ್ದ.

ಕಡಿಮೆ ಬೆಲೆ ಎಲ್ಲರಿಗೂ ಹಿಡಿಸಲಿಲ್ಲ. ಪ್ರಕಾಶಕರು ಸಂಘ ಕಟ್ಟಿಕೊಂಡು, ತಾವು ಗೊತ್ತುಮಾಡಿದ ಬೆಲೆಗಿಂತ ಕೆಳಗೆ ಪುಸ್ತಕ ಮಾರುವ ಅಂಗಡಿಗಳಿಗೆ ಸರಕನ್ನೇ ಕೊಡುವುದಿಲ್ಲವೆಂದು ತೀರ್ಮಾನಿಸಿದರು. ಮೇಸೀಸ್ ಬಗ್ಗಲಿಲ್ಲ. ಬೇರೆಯವರ ಕೈಯಿಂದ ಪುಸ್ತಕ ತರಿಸಿ ಸೋಡಿ ದರದಲ್ಲೇ ಮಾರಿತು, ಸಂಘದ ಮೇಲೆ ದಾವೆಯನ್ನೂ ಹೂಡಿತು. ಇನ್ನೊಂದು ಕಡೆ ಬಾಬ್ಸ್–ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದಿ ಕ್ಯಾಸ್ಟ್‌ಅವೇ’ ಎಂಬ ಕಾದಂಬರಿಯೊಳಗೆ ಒಂದು ಎಚ್ಚರಿಕೆ ಅಚ್ಚುಹಾಕಿತ್ತು: ಬೆಲೆ ಒಂದು ಡಾಲರ್, ಅದಕ್ಕಿಂತ ಕಡಿಮೆಗೆ ಮಾರಿದರೆ ಕೃತಿಸ್ವಾಮ್ಯದ ಉಲ್ಲಂಘನೆ. ಮೇಸೀಸ್ ಅದನ್ನು 89 ಸೆಂಟಿಗೆ ಮಾರಿತು. ಪ್ರಕಾಶಕರು ಇಸಿಡಾರ್ ಮತ್ತು ನೇಥನ್ ಇಬ್ಬರ ಹೆಸರಿನ ಮೇಲೂ ಮೊಕದ್ದಮೆ ಹಾಕಿದರು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೋದರರ ಪರವಾಗಿ ತೀರ್ಪು ಕೊಟ್ಟಿತು. ಪ್ರತಿಯನ್ನು ಒಮ್ಮೆ ಮಾರಿದ ಮೇಲೆ, ಕೊಂಡವನು ಅದನ್ನು ಮುಂದೆ ಎಷ್ಟಕ್ಕೆ ಮಾರಬೇಕೆಂದು ಹೇಳುವ ಹಕ್ಕನ್ನು ಕೃತಿಸ್ವಾಮ್ಯ ಕೊಡುವುದಿಲ್ಲ ಎಂಬುದು ತೀರ್ಪಿನ ತಿರುಳು.

1902ರಲ್ಲಿ ಮೇಸೀಸ್ ಹಳೆಯ ಪೇಟೆ ಬಿಟ್ಟು ಬ್ರಾಡ್‌ವೇ ಮತ್ತು 34ನೇ ಬೀದಿ ಕೂಡುವ ಹೆರಾಲ್ಡ್ ಚೌಕಕ್ಕೆ ಬಂತು. ಒಂಬತ್ತು ಮಹಡಿ, ಮರದ ಮೆಟ್ಟಿಲಿನ ಎಸ್ಕಲೇಟರ್, ಹಣ ಮತ್ತು ಚೀಟಿಯನ್ನು ಗಾಳಿಯ ಒತ್ತಡದಿಂದ ಗಲ್ಲಾಕ್ಕೆ ತಳ್ಳುವ ಕೊಳವೆಗಳು. ಪೇಟೆಯಿಂದ ಅಷ್ಟು ದೂರಕ್ಕೆ ಯಾರು ಬರುತ್ತಾರೆಂದು ನಕ್ಕವರಿದ್ದರು. ಕಟ್ಟಡಕ್ಕೆ ಒಂದು ಊನವೂ ಇತ್ತು. ಮುಖ್ಯವಾದ ಮೂಲೆಯ ಸಣ್ಣ ನಿವೇಶನವನ್ನು ಎದುರಾಳಿ ಅಂಗಡಿಯವರ ಪರವಾಗಿ ಒಬ್ಬರು 3,75,000 ಡಾಲರ್ ಕೊಟ್ಟು ಮೊದಲೇ ಹೊಡೆದುಕೊಂಡಿದ್ದರು. ಸ್ಟ್ರೌಸ್ ಸೋದರರು ಚೌಕಾಸಿಗೆ ಹೋಗದೆ ಆ ತುಂಡನ್ನು ಬಿಟ್ಟು ಅದರ ಸುತ್ತ ಕಟ್ಟಿದರು. ಆ ಮೂಲೆ ಇವತ್ತಿಗೂ ಹಾಗೇ ಇದೆ.

ಇದೆಲ್ಲದರ ಬೆನ್ನಿಗೆ ಸಾವಿರಾರು ಕೆಲಸಗಾರರ, ಅದರಲ್ಲೂ ಎಳೆಯ ಹುಡುಗಿಯರ ದುಡಿಮೆ ಇತ್ತು. ಕ್ರಿಸ್‌ಮಸ್ ಹತ್ತಿರ ಬಂದರೆ ನ್ಯೂಯಾರ್ಕಿನ ದೊಡ್ಡ ಅಂಗಡಿಗಳಲ್ಲಿ ರಾತ್ರಿಯವರೆಗೂ ಅವರನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಅದರ ವಿರುದ್ಧವೇ 1891ರಲ್ಲಿ ಗ್ರಾಹಕರ ಸಂಘವೊಂದು ಹುಟ್ಟಿತು. ಮೇಸೀಸ್‌ನಲ್ಲಿ ಕಾಯಿಲೆ ಬಿದ್ದವರಿಗೆ ನೆರವಾಗುವ ಕೆಲಸಗಾರರ ಪರಸ್ಪರ ಸಹಾಯ ಸಂಘವಿತ್ತು. ಆ ಕಾಲಕ್ಕೆ ಅದು ಹೆಚ್ಚಿನದೇ. ಈಗಿನ ಕಣ್ಣಿಗೆ ಅದು ಸಾಲದು.

105ನೇ ಬೀದಿಯ ಮನೆ

ಐಡಾ ಬ್ಲುನ್ ಹುಟ್ಟಿದ್ದು ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ, 1849ರ ಫೆಬ್ರುವರಿ 6ರಂದು. ಗಂಡನಿಗಿಂತ ಸರಿಯಾಗಿ ನಾಲ್ಕು ವರ್ಷ ಚಿಕ್ಕವರು, ಹುಟ್ಟುಹಬ್ಬ ಒಂದೇ ದಿನ. ಅವರ ಕುಟುಂಬವೂ ನ್ಯೂಯಾರ್ಕಿಗೆ ಬಂದು ನೆಲೆಸಿತ್ತು. 1871ರ ಜುಲೈನಲ್ಲಿ ಮದುವೆಯಾಯಿತು. ಏಳು ಮಕ್ಕಳು ಹುಟ್ಟಿದವು. ಎರಡನೆಯ ಮಗು ಕ್ಲಾರೆನ್ಸ್ ಎಳವೆಯಲ್ಲೇ ಹೋಯಿತು. ಜೆಸ್ಸಿ, ಪರ್ಸಿ, ಸಾರಾ, ಮಿನ್ನಿ, ಹರ್ಬರ್ಟ್, ವಿವಿಯನ್ ಬೆಳೆದರು.

ಬ್ರಾಡ್‌ವೇಯ 105ನೇ ಬೀದಿಯಲ್ಲಿ ಮನೆ, ಬೇಸಗೆಗೆ ನ್ಯೂಜೆರ್ಸಿಯ ಎಲ್ಬರಾನ್ ಕಡಲ ತೀರದಲ್ಲಿ ಇನ್ನೊಂದು. ವ್ಯಾಪಾರಕ್ಕಾಗಿ ಇಸಿಡಾರ್ ಊರು ಬಿಟ್ಟಾಗ ಗಂಡ ಹೆಂಡತಿ ಇಬ್ಬರೂ ದಿನವೂ ಕಾಗದ ಬರೆದುಕೊಳ್ಳುತ್ತಿದ್ದರು. ನಲವತ್ತು ವರ್ಷ ಸಂಸಾರ ಮಾಡಿದ ಮೇಲೂ ಅಭ್ಯಾಸ ಬಿಟ್ಟುಹೋಗಲಿಲ್ಲ. 1888ರ ಹುಟ್ಟುಹಬ್ಬಕ್ಕೆ ಐಡಾ ಗಂಡನಿಗೆ ಒಂದು ಚಿನ್ನದ ಜೇಬುಗಡಿಯಾರ ಕೊಟ್ಟರು. ಇಸಿಡಾರ್ ಮೇಸೀಸ್‌ನ ಪಾಲುದಾರರಾದ ವರ್ಷವೇ ಅದು.

ಇಸಿಡಾರ್‌ಗೆ ಕುಟುಂಬವೆಂದರೆ ಹೆಂಡತಿ ಮಕ್ಕಳಷ್ಟೇ ಆಗಿರಲಿಲ್ಲ. ಅಣ್ಣತಮ್ಮಂದಿರ ಏಳಿಗೆ ಒಂದೇ ಬೇರಿನಿಂದ ಬಂದದ್ದು. ನೇಥನ್ 1893ರಲ್ಲಿ ಬಡ ಮಕ್ಕಳಿಗಾಗಿ ಪಾಶ್ಚರೀಕರಿಸಿದ ಹಾಲಿನ ಕೇಂದ್ರ ತೆರೆದು, ಕಲುಷಿತ ಹಾಲು ಕುಡಿದು ಕೂಸುಗಳು ಸಾಯುವುದರ ವಿರುದ್ಧ ಜೀವಮಾನವಿಡೀ ಹೋರಾಡಿದರು. ಇಸ್ರೇಲಿನ ನೆತಾನ್ಯಾ ನಗರಕ್ಕೆ ಅವರದೇ ಹೆಸರು. ಆಸ್ಕರ್ ತುರ್ಕಿಗೆ ಅಮೆರಿಕದ ರಾಯಭಾರಿಯಾಗಿ ಹೋದರು. 1906ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಸಂಪುಟ ಸೇರಿ ಅಮೆರಿಕದ ಮೊದಲ ಯಹೂದಿ ಸಚಿವರಾದರು. ಅಣ್ಣನಿಗೂ ರಾಜಕೀಯದ ಗಾಳಿ ತಾಕಿತ್ತು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರ ಗೆಳೆಯರಾಗಿದ್ದ ಇಸಿಡಾರ್ 1894ರಲ್ಲಿ ಉಪಚುನಾವಣೆ ಗೆದ್ದು ಸಂಸತ್ತಿನ ಕೆಳಮನೆಗೆ ಹೋದರು. ಉಳಿದಿದ್ದ ಅವಧಿ ಮುಗಿಸಿ ಮರುವರ್ಷವೇ ಅಂಗಡಿಗೆ ವಾಪಸಾದರು.

ಅವರು ಹೆಚ್ಚು ಹೊತ್ತು ಕೊಟ್ಟದ್ದು ‘ಎಜುಕೇಷನಲ್ ಅಲೈಯನ್ಸ್’ಗೆ. 1880ರ ದಶಕದಿಂದ ರಷ್ಯಾ ಸಾಮ್ರಾಜ್ಯದ ದೌರ್ಜನ್ಯಕ್ಕೆ ಹೆದರಿ ಪೂರ್ವ ಯುರೋಪಿನ ಯಹೂದಿಗಳು ಅಮೆರಿಕಕ್ಕೆ ಬಂದು ಇಳಿಯುತ್ತಿದ್ದರು. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಅವರಿಂದ ಕಿಕ್ಕಿರಿಯಿತು. ಅವರಿಗೆ ಇಂಗ್ಲಿಷ್ ಪಾಠ, ಗ್ರಂಥಾಲಯ, ಚಿತ್ರಕಲೆ, ವ್ಯಾಯಾಮಶಾಲೆ, ಉಪನ್ಯಾಸ ಎಲ್ಲವನ್ನೂ ಈಸ್ಟ್ ಬ್ರಾಡ್‌ವೇಯ ಆ ಕಟ್ಟಡದಲ್ಲಿ ಏರ್ಪಡಿಸಲಾಗಿತ್ತು. ಸ್ಟ್ರೌಸ್ ಸಾಯುವವರೆಗೂ ಅದರ ಅಧ್ಯಕ್ಷರು. ಬಂದವರಿಗೆ ಎಲ್ಲವೂ ಹಿತವಾಗಿರಲಿಲ್ಲ. ಮೊದಲೇ ಬಂದು ಸಿರಿವಂತರಾದ ಜರ್ಮನ್ ಯಹೂದಿಗಳು ತಮ್ಮನ್ನು ತಿದ್ದಲು ಹೊರಟಿದ್ದಾರೆ, ತಮ್ಮ ಯಿಡ್ಡಿಷ್ ಮಾತನ್ನು ಕೀಳಾಗಿ ಕಾಣುತ್ತಾರೆ ಎಂಬ ಸಿಟ್ಟು ಅವರಲ್ಲಿತ್ತು, ಸಿಟ್ಟಿಗೆ ಕಾರಣವೂ ಇತ್ತು.

ಎಂಟನೇ ದೋಣಿ

1912ರ ಚಳಿಗಾಲವನ್ನು ದಂಪತಿ ಯುರೋಪಿನಲ್ಲಿ, ಹೆಚ್ಚಾಗಿ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಕಳೆದರು. ಏಪ್ರಿಲ್ 10ರಂದು ಸೌತಾಂಪ್ಟನ್‌ನಲ್ಲಿ ಟೈಟಾನಿಕ್ ಹತ್ತಿದರು. ಜೊತೆಗೆ ಸೇವಕ ಜಾನ್ ಫಾರ್ತಿಂಗ್, ಹೊಸದಾಗಿ ಕೆಲಸಕ್ಕೆ ಸೇರಿದ್ದ ಸೇವಕಿ ಎಲೆನ್ ಬರ್ಡ್.

ಹಡಗಿನಲ್ಲಿ ಇಸಿಡಾರ್‌ಗೆ ಸಿಕ್ಕ ಮಾತಿನ ಜೊತೆಗಾರ ಕರ್ನಲ್ ಆರ್ಚಿಬಾಲ್ಡ್ ಗ್ರೇಸಿ. ಅಂತರ್ಯುದ್ಧದ ಚಿಕಮಾಗ ಕಾಳಗದ ಬಗ್ಗೆ ಪುಸ್ತಕ ಬರೆದಿದ್ದ ಗ್ರೇಸಿ ಅದರ ಪ್ರತಿಯನ್ನು ಇವರಿಗೆ ಓದಲು ಕೊಟ್ಟರು. ಇಸಿಡಾರ್ ತಮ್ಮ ಜಾರ್ಜಿಯಾದ ದಿನಗಳು, ಹದಿನೆಂಟರಲ್ಲಿ ನೌಕಾ ಮುತ್ತಿಗೆ ತಪ್ಪಿಸಿ ಯುರೋಪಿಗೆ ಹೋದ ಸಾಹಸ, ಕ್ಲೀವ್‌ಲ್ಯಾಂಡರ ಸ್ನೇಹ ಎಲ್ಲವನ್ನೂ ಹೇಳಿಕೊಂಡರು. ಏಪ್ರಿಲ್ 14ರ ಭಾನುವಾರ ಪುಸ್ತಕ ಓದಿ ಮುಗಿಸಿ ಹಿಂತಿರುಗಿಸಿದರು. ಅದೇ ರಾತ್ರಿ 11 ಗಂಟೆ 40 ನಿಮಿಷಕ್ಕೆ ಹಡಗು ಹಿಮಗಡ್ಡೆಗೆ ತಾಗಿತು.

ಹಡಗಿನಲ್ಲಿ ಸುಮಾರು 2,200 ಜನ. ಇಪ್ಪತ್ತು ದೋಣಿಗಳನ್ನೂ ತುಂಬಿಸಿದರೆ ಹಿಡಿಸುವುದು 1,178 ಮಂದಿ. ಆಗಿನ ಸರ್ಕಾರಿ ನಿಯಮ ಅದಕ್ಕಿಂತಲೂ ಕಡಿಮೆ ಕೇಳುತ್ತಿತ್ತು. ಹೆಂಗಸರು, ಮಕ್ಕಳು ಮೊದಲು ಎಂಬ ಅಪ್ಪಣೆಯಾಯಿತು. ಎಂಟನೇ ದೋಣಿಯ ಬಳಿ ಐಡಾಗೆ ಜಾಗ ಸಿದ್ಧವಿತ್ತು. ಅವರು ಹಿಂದಕ್ಕೆ ಬಂದು ಗಂಡನ ಪಕ್ಕ ನಿಂತರು. ಇಷ್ಟು ಕಾಲ ಜೊತೆಗಿದ್ದೇವೆ, ಈಗ ಬಿಟ್ಟುಹೋಗುವುದಿಲ್ಲ ಎಂಬ ಅರ್ಥದ ಅವರ ಮಾತನ್ನು ಹಲವರು ಕೇಳಿಸಿಕೊಂಡರು, ಒಬ್ಬೊಬ್ಬರು ಒಂದೊಂದು ರೀತಿ ವರದಿ ಮಾಡಿದರು.

ಅಲ್ಲಿದ್ದ ಹ್ಯೂ ವೂಲ್ನರ್ ಎಂಬ ಪ್ರಯಾಣಿಕ ಇನ್ನೊಂದು ದಾರಿ ಸೂಚಿಸಿದರು. ಇಷ್ಟು ವಯಸ್ಸಾದವರು ದೋಣಿ ಹತ್ತಿದರೆ ಯಾರೂ ಬೇಡವೆನ್ನುವುದಿಲ್ಲ, ನೀವೂ ಹೋಗಿ. ಬೇರೆ ಗಂಡಸರಿಗಿಂತ ಮೊದಲು ತಾನು ಹೋಗುವುದಿಲ್ಲ ಎಂದರು ಇಸಿಡಾರ್. ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ವೂಲ್ನರ್ ಸಾಕ್ಷಿ ಹೇಳಿದ ಸಂಗತಿ ಇದು. ಗ್ರೇಸಿ ಕೂಡ ಅದನ್ನೇ ಬರೆದಿದ್ದಾರೆ. ಇಡೀ ಜೀವಮಾನ ಯಾವ ಗಿರಾಕಿಗೂ ವಿಶೇಷ ದರ ಕೊಡದ ವ್ಯಾಪಾರಿ ತನಗೆ ಸಿಕ್ಕ ವಿಶೇಷ ರಿಯಾಯಿತಿಯನ್ನು ಬೇಡವೆಂದದ್ದು ಹಾಗೆ.

ಐಡಾ ತಮ್ಮ ತುಪ್ಪಳದ ಕೋಟನ್ನು ಎಲೆನ್ ಬರ್ಡ್‌ಗೆ ಹೊದಿಸಿ ದೋಣಿಗೆ ಕಳುಹಿಸಿದರು. 65 ಜನ ಹಿಡಿಯುವ ಆ ದೋಣಿ ಅರ್ಧವೂ ತುಂಬದೆ ಕೆಳಗಿಳಿಯಿತು. ಬೆಳಗಿನ ಜಾವ 2 ಗಂಟೆ 20 ನಿಮಿಷಕ್ಕೆ ಹಡಗು ಮುಳುಗಿತು. ಸುಮಾರು 1,500 ಜನ ಸತ್ತರು. ಸೇವಕ ಫಾರ್ತಿಂಗ್ ಅವರಲ್ಲೊಬ್ಬ. ಬ್ರಿಟಿಷ್ ವಿಚಾರಣೆಯ ಲೆಕ್ಕದಂತೆ ಮೊದಲ ದರ್ಜೆಯ ಹೆಂಗಸರಲ್ಲಿ ಸತ್ತವರು ನಾಲ್ವರೇ, ಐಡಾ ಅವರಲ್ಲಿ ಒಬ್ಬರು. ಮೂರನೇ ದರ್ಜೆಯ ಹೆಂಗಸರಲ್ಲಿ ಅರ್ಧದಷ್ಟು ಮಂದಿಯೂ ಉಳಿಯಲಿಲ್ಲ. ಆ ರಾತ್ರಿ ಉಳಿದುಕೊಳ್ಳುವ ಅವಕಾಶ ಎಲ್ಲ ದರ್ಜೆಗೂ ಒಂದೇ ಆಗಿರಲಿಲ್ಲ. ಐಡಾ ಕೈಬಿಟ್ಟಂಥ ಜಾಗ ಕೆಳಗಿನ ಎಷ್ಟೋ ತಾಯಂದಿರ ಕಣ್ಣಿಗೇ ಬೀಳಲಿಲ್ಲ.

ಉಳಿದ ಲೆಕ್ಕ

ಹೆಣ ಹುಡುಕಲು ಹೋದ ‘ಮೆಕೇ–ಬೆನೆಟ್’ ಹಡಗಿಗೆ ಇಸಿಡಾರ್ ದೇಹ ಸಿಕ್ಕಿತು. ಐಡಾ ಸಿಗಲೇ ಇಲ್ಲ. ಮುಂದೆ ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನದಲ್ಲಿ ಕುಟುಂಬ ಸಮಾಧಿ ಕಟ್ಟಿದಾಗ ಹಡಗು ಮುಳುಗಿದ ಜಾಗದ ಸಮುದ್ರದ ನೀರನ್ನು ತಂದು ಐಡಾ ಹೆಸರಿನ ಕಲಶದಲ್ಲಿ ಇರಿಸಿದರು. ಎಲೆನ್ ಬರ್ಡ್ ತುಪ್ಪಳದ ಕೋಟನ್ನು ಹಿರಿಯ ಮಗಳು ಸಾರಾಗೆ ಒಪ್ಪಿಸಲು ಹೋದಳು. ಅಮ್ಮ ನಿನಗೆ ಕೊಟ್ಟದ್ದು, ನಿನ್ನದೇ ಎಂದು ಸಾರಾ ವಾಪಸು ಕೊಟ್ಟರು.

ಮೇ ತಿಂಗಳಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನಡೆದ ಸಂತಾಪ ಸಭೆಗೆ ಒಳಗೆ ಜಾಗ ಸಾಲದಷ್ಟು ಜನ ಸೇರಿದರು. ಲೋಯರ್ ಈಸ್ಟ್ ಸೈಡಿನ ಬೀದಿಗಳಲ್ಲಿ ಸಾಲೊಮನ್ ಸ್ಮಾಲ್ ಎಂಬವರು ಕಟ್ಟಿದ ಯಿಡ್ಡಿಷ್ ಹಾಡಿನ ಅಚ್ಚಾದ ಹಾಳೆಗಳು ಮಾರಾಟವಾದವು. ಅವುಗಳ ಮುಖಪುಟದಲ್ಲಿ ತಬ್ಬಿ ನಿಂತ ಸ್ಟ್ರೌಸ್ ದಂಪತಿಯ ಚಿತ್ರ. ಯಾರ ಮಾತನ್ನು ಅಲೈಯನ್ಸ್ ಒಂದು ಕಾಲಕ್ಕೆ ಹತ್ತಿರ ಸೇರಿಸಿರಲಿಲ್ಲವೋ ಅವರೇ ತಮ್ಮ ಮಾತಿನಲ್ಲಿ ಅದರ ಅಧ್ಯಕ್ಷರಿಗಾಗಿ ಅತ್ತರು. ಮೇಸೀಸ್‌ನ ಕೆಲಸಗಾರರು ಚಂದಾ ಎತ್ತಿ 34ನೇ ಬೀದಿಯ ಬಾಗಿಲ ಬಳಿ ಸ್ಮಾರಕ ಫಲಕ ಹಾಕಿಸಿದರು. ದಂಪತಿಯ ಮನೆಯಿಂದ ಕೂಗಳತೆಯಲ್ಲಿದ್ದ 106ನೇ ಬೀದಿಯ ಪುಟ್ಟ ಉದ್ಯಾನಕ್ಕೆ ಅವರ ಹೆಸರಿಟ್ಟು, 1915ರ ಏಪ್ರಿಲ್ 15ರಂದು ಶಿಲ್ಪಿ ಆಗಸ್ಟಸ್ ಲೂಕ್‌ಮನ್ ಮಾಡಿದ ಕಂಚಿನ ವಿಗ್ರಹವನ್ನು ಅನಾವರಣ ಮಾಡಲಾಯಿತು.

ಹಿರಿಯರು ಹೋದ ಮೇಲೆ ಮನೆತನದ ಒಗ್ಗಟ್ಟು ಹೆಚ್ಚು ಕಾಲ ನಿಲ್ಲಲಿಲ್ಲ. ಚಿಕ್ಕಪ್ಪ ನೇಥನ್ ಮತ್ತು ಇಸಿಡಾರ್‌ನ ಮಕ್ಕಳು ವ್ಯವಹಾರವನ್ನು ಹಂಚಿಕೊಂಡರು. ಮೇಸೀಸ್ ಜೆಸ್ಸಿ, ಪರ್ಸಿ, ಹರ್ಬರ್ಟ್ ಕೈಗೆ ಬಂತು, ಬ್ರೂಕ್ಲಿನ್ ಅಂಗಡಿ ನೇಥನ್ ಕಡೆಗೆ ಹೋಯಿತು. ಈ ಮೂವರ ಕಾಲದಲ್ಲೇ, 1924ರಲ್ಲಿ, ಮೇಸೀಸ್‌ನ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆ ಶುರುವಾದದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಟ್ರೌಸ್ ಹಾಲ್ ಅವರು ತಂದೆತಾಯಿಯ ನೆನಪಿಗೆ ಕಟ್ಟಿಸಿಕೊಟ್ಟದ್ದು.

ಟೈಟಾನಿಕ್‌ನ ನಂಟು ಆ ವಂಶವನ್ನು ಬಿಟ್ಟಿಲ್ಲ. 2023ರ ಜೂನ್‌ನಲ್ಲಿ ಹಡಗಿನ ಅವಶೇಷ ನೋಡಲು ಇಳಿದು ಒಡೆದುಹೋದ ‘ಟೈಟನ್’ ಜಲಾಂತರ ವಾಹನವನ್ನು ನಡೆಸುತ್ತಿದ್ದ ಸ್ಟಾಕ್ಟನ್ ರಷ್ ಅವರ ಪತ್ನಿ ಇಸಿಡಾರ್ ಮತ್ತು ಐಡಾ ಅವರ ಮರಿಮೊಮ್ಮಗನ ಮಗಳು. ಐಡಾ 1888ರಲ್ಲಿ ಕೊಟ್ಟ ಚಿನ್ನದ ಗಡಿಯಾರ ಇಸಿಡಾರ್ ದೇಹದ ಜೊತೆ ಸಿಕ್ಕಿತ್ತು. 2025ರ ನವೆಂಬರ್‌ನಲ್ಲಿ ಅದು ಇಂಗ್ಲೆಂಡಿನ ಹರಾಜಿನಲ್ಲಿ 17.8 ಲಕ್ಷ ಪೌಂಡಿಗೆ ಹೋಯಿತು.

ಪುಸ್ತಕದ ಜಗಳಕ್ಕೂ ಉಪಸಂಹಾರವಿದೆ. ಪ್ರಕಾಶಕರ ಸಂಘದ ವಿರುದ್ಧ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟು ಮೇಸೀಸ್ ಪರವಾಗಿ ತೀರ್ಪು ಕೊಟ್ಟದ್ದು 1913ರ ಡಿಸೆಂಬರಿನಲ್ಲಿ, ಇಸಿಡಾರ್ ಸತ್ತು ಸುಮಾರು ಇಪ್ಪತ್ತು ತಿಂಗಳಾದ ಮೇಲೆ. 89 ಸೆಂಟಿನ ಕಾದಂಬರಿಯ ತೀರ್ಪಂತೂ ಒಂದು ಶತಮಾನ ದಾಟಿಯೂ ಚಾಲ್ತಿಯಲ್ಲಿದೆ. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಓದಲು ಬಂದ ವಿದ್ಯಾರ್ಥಿಯೊಬ್ಬ ತನ್ನ ದೇಶದಲ್ಲಿ ಅಗ್ಗಕ್ಕೆ ಸಿಗುವ ಪಠ್ಯಪುಸ್ತಕಗಳನ್ನು ಮನೆಯವರಿಂದ ತರಿಸಿ ಅಮೆರಿಕದಲ್ಲಿ ಮಾರಿದಾಗ ಪ್ರಕಾಶಕರು ಕೋರ್ಟಿಗೆ ಎಳೆದರು. 2013ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಯ ಪರ ನಿಂತಿತು. ಆ ತೀರ್ಪಿನ ಪುಟಗಳಲ್ಲಿ ನ್ಯಾಯಮೂರ್ತಿಗಳು ಉಲ್ಲೇಖಿಸಿದ ಹಳೆಯ ಮೊಕದ್ದಮೆಗಳಲ್ಲಿ ‘ಬಾಬ್ಸ್–ಮೆರಿಲ್ ವಿರುದ್ಧ ಸ್ಟ್ರೌಸ್’ ಕೂಡ ಇದೆ.